ಮೂರು ಬೆರಳಿನ ಸಂದು

ಹೊಲಿಗೆಯವರ ಮಾತು ನಂಬಬೇಡಿ. ನಾಳೆ ಕೊಡ್ತೀನಿ ಅನ್ನುವುದು ಊರಿಗೆಲ್ಲ ಗೊತ್ತಿರುವ ಸುಳ್ಳು, ಅದು ಹಾಳಾಗಲಿ. ಅದಕ್ಕಿಂತ ಹಳೆಯ ಸುಳ್ಳು ಇನ್ನೊಂದಿದೆ. ಹೋದ ವರ್ಷ ಹೊಲಿಸಿದ ಅಂಗಿ ಈ ವರ್ಷ ಹಿಡಿಯುತ್ತಿಲ್ಲ ಎಂದು ಯಾರಾದರೂ ಮುಖ ಸಣ್ಣ ಮಾಡಿಕೊಂಡು ಬಂದರೆ, "ಅಯ್ಯೋ, ನೀವೆಲ್ಲಿ ದಪ್ಪ ಆಗಿದ್ದೀರಿ? ಒಗೆದೂ ಒಗೆದೂ ಬಟ್ಟೆ ಕುಗ್ಗಿದೆ ಅಷ್ಟೆ," ಎನ್ನುವುದು, ಅವರು ಅತ್ತ ಹೋದ ಮೇಲೆ ಪಕ್ಕದ ಹೊಲಿಗೆ ಬಿಚ್ಚಿ, ಒಳಗೆ ಮಡಚಿಟ್ಟ ಬಟ್ಟೆಯನ್ನು ಸದ್ದಿಲ್ಲದೆ ಹೊರಗೆ ಬಿಡುವುದು.

ಈ ಕತೆಯ ತಂಗಿಯೂ ಹೊಲಿಗೆಯವಳು, ಆ ಸುಳ್ಳನ್ನು ಅಮ್ಮನಿಂದ ಕಲಿತವಳು. "ಮೈಯಲ್ಲಿ ತಪ್ಪು ತೋರಿಸ್ಬೇಡ ಕಣೇ. ತಪ್ಪೆಲ್ಲಾ ಬಟ್ಟೆ ಮೇಲೆ ಹಾಕು, ಅದಕ್ಕೆ ಬಾಯಿಲ್ಲ," ಎನ್ನುತ್ತಿದ್ದಳು ಅಮ್ಮ. ಅಮ್ಮ ಹೋದಳು, ಮಿಷನ್ನು ಉಳಿಯಿತು, ಮಾತೂ ಉಳಿಯಿತು. ಇಸ್ತ್ರಿ ಅಂಗಡಿಯ ಮೇಲಿನ ಎರಡು ಕೋಣೆಗಳಲ್ಲಿ ಅಕ್ಕ ತಂಗಿ ಇಬ್ಬರೇ. ತಂಗಿ ಕಿಟಕಿ ಪಕ್ಕ ಕೂತು ಹೊಲಿಯುತ್ತಿದ್ದಳು. ಅಕ್ಕ ನಾಟಕ ಕಂಪನಿಯಲ್ಲಿ ಪಾತ್ರ ಮಾಡುತ್ತಿದ್ದಳು. ನಿಮಗೆ ವಯಸ್ಸೆಷ್ಟು ಎಂದು ಕೇಳಿದರೆ, "ಯಾವ ಪಾತ್ರದ್ದು?" ಎಂದು ತಿರುಗಿ ಕೇಳುವವರ ಪೈಕಿ.

ಕಂಪನಿ ಹಳೇ ಕಾಲದ ವಿಲಾಯಿತಿ ಅರಮನೆಯ ನಾಟಕವೊಂದನ್ನು ಎತ್ತಿಕೊಂಡಿತು. ಅಕ್ಕ ರಾಣಿ. ಆ ಕಾಲದ ರಾಣಿಯರು ನೆಲ ಗುಡಿಸುವ ಗೌನಿನ ಒಳಗೆ ಕಾರ್ಸೆಟ್ಟು ತೊಡುತ್ತಿದ್ದರಂತೆ: ಎದೆಯಿಂದ ಸೊಂಟದ ಕೆಳಗಿನವರೆಗೆ ಸಾಲಾಗಿ ಕಡ್ಡಿ ಸೇರಿಸಿ ಹೊಲಿದು, ಬೆನ್ನ ಹಿಂದೆ ಲಾಡಿ ಎಳೆದು ಕಟ್ಟುವ ಬಿಗಿ ಕುಪ್ಪಸ. ಕಂಪನಿಯ ಪೆಟ್ಟಿಗೆಯಲ್ಲಿ ಒಂದಿತ್ತು. "ಊರವರ ಬೆವರೆಲ್ಲಾ ಕುಡಿದಿದೆ ಕಣೇ ಅದು. ನಂಗೇ ಅಂತ ಒಂದು ಹೊಲಿದುಕೊಡು," ಎಂದು ಅಕ್ಕ ದುಂಬಾಲು ಬಿದ್ದಳು.

ತಂಗಿ ಆ ಹಳೆಯದನ್ನು ಬಿಚ್ಚಿ, ಒಂದೊಂದು ತುಂಡನ್ನೂ ಪತ್ರಿಕೆಯ ಹಾಳೆಯ ಮೇಲಿಟ್ಟು ಗೆರೆ ಎಳೆದುಕೊಂಡಳು. ಒತ್ತು ನೇಯ್ಗೆಯ ಹತ್ತಿ ಬಟ್ಟೆ, ಎರಡು ಪದರ. ಉಕ್ಕಿನ ಕಡ್ಡಿ ಎಲ್ಲಿಂದ ತರುವುದು? ಎಲೆಕ್ಟ್ರಿಷಿಯನ್ನರು ವೈರು ಕಟ್ಟುವ ಅಗಲದ ಪ್ಲಾಸ್ಟಿಕ್ ಪಟ್ಟಿ ತಂದು ಅಳತೆಗೆ ಕತ್ತರಿಸಿ, ತುದಿ ಚುಚ್ಚಬಾರದೆಂದು ಮೇಣದಬತ್ತಿಗೆ ಹಿಡಿದು ದುಂಡಗೆ ಮಾಡಿ, ಪದರಗಳ ನಡುವೆ ಹೊಲಿದ ಕೊಳವೆಗಳಲ್ಲಿ ಒಂದೊಂದಾಗಿ ತೂರಿಸಿದಳು. ಲಾಡಿಯ ತೂತುಗಳಿಗೆ ಹಿತ್ತಾಳೆಯ ಪುಟ್ಟ ಉಂಗುರ ಹಾಕಿ ಸುತ್ತಿಗೆಯಿಂದ ಬಡಿಯುವಾಗ ಕೆಳಗಿನ ಇಸ್ತ್ರಿಯವನು, "ಮೇಲೇನು ಕುಲುಮೆ ಇಟ್ಟಿದ್ದೀರಾ?" ಎಂದು ಕೂಗಿದ.

ತೊಡಿಸಿ ನೋಡುವ ದಿನ ಅಕ್ಕ ಮಂಚದ ಕಂಬ ಹಿಡಿದು ನಿಂತಳು.

"ಉಸಿರು ಬಿಡು."

"ಬಿಟ್ರೆ ಹೋಗೇಬಿಡ್ತೀನಿ."

"ಹೋಗೋಳಲ್ಲ ನೀನು. ಬಿಡು!"

ಕಾರ್ಸೆಟ್ಟಿನ ಅಂಚುಗಳು ಹಿಂದೆ ಒಂದನ್ನೊಂದು ಮುಟ್ಟಬಾರದು. ನಡುವೆ ಸಂದು ಇದ್ದರೇ ಲಾಡಿಗೆ ಎಳೆಯಲು ಜಾಗ, ಕುಪ್ಪಸಕ್ಕೆ ಹಿಡಿತ. ಅಂಚಿಗೆ ಅಂಚು ಕೂಡಿದರೆ ಅದು ಬರೀ ಚೀಲ. ಅಕ್ಕನ ಬೆನ್ನಲ್ಲಿ ಸಂದು ಸರಿಯಾಗಿ ಮೂರು ಬೆರಳಿತ್ತು. ಅಂದಿನಿಂದ ಅಕ್ಕನಿಗೆ ಅದೇ ತಕ್ಕಡಿ, ಅದೇ ಕನ್ನಡಿ. ಲಾಡಿ ಬಿಗಿದ ಕೂಡಲೇ ಕೈ ಹಿಂದೆ ಹೋಗುತ್ತಿತ್ತು. "ಮೂರೇ! ಎಲ್ಲಾ ನೆಟ್ಟಗಿದೆ," ಎಂದು ರಂಗಕ್ಕೆ ಹೊರಡುತ್ತಿದ್ದಳು.

ನಾಟಕ ಚೆನ್ನಾಗಿ ಓಡಿತು. ಒಂದು ಸಂಜೆ ಅಕ್ಕ ಮನೆಗೆ ಬಂದವಳು ಚಪ್ಪಲಿ ಕೂಡ ಬಿಡದೆ ಮಂಚದ ಮೇಲೆ ಕೂತಳು.

"ಇವತ್ತು ನಾಲ್ಕಾಯ್ತು ಕಣೇ. ಸಂದು."

"ಗ್ಯಾಸಿರಬೇಕು."

"ಮ್ಯಾನೇಜರ್ರು ನೋಡ್ಬಿಟ್ರು. ರಾಣಿಗೆ ಸೊಂಟ ಇರ್ಬೇಕು ಅಕ್ಕಾವ್ರೇ ಅಂತ ನಕ್ರು. ಆ ಹೊಸ ಹುಡುಗಿ ನನ್ನ ಮಾತೆಲ್ಲಾ ಬಾಯಿಪಾಠ ಮಾಡ್ಕೊಂಡು ಪರದೆ ಪಕ್ಕ ಕಾಯ್ತಾ ಇದಾಳೆ. ಈ ಪಾತ್ರ ಹೋದ್ರೆ ಇನ್ನು ನಂಗೆ ಮುದುಕಿ ಪಾತ್ರಾನೇ ಗತಿ." ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು. ರಂಗದ ಮೇಲೆ ಬೇಕೆಂದಾಗ ಅಳುವವಳು, ಮನೆಯಲ್ಲಿ ಅಂದಿನವರೆಗೆ ಅತ್ತವಳಲ್ಲ. ತಂಗಿಗೆ ಆ ಮುಖ ನೋಡಲಾಗಲಿಲ್ಲ.

ಮರುದಿನ ಅಕ್ಕ ಸ್ನಾನಕ್ಕೆ ಹೋದಾಗ ತಂಗಿ ಕಾರ್ಸೆಟ್ಟಿನ ಎರಡೂ ಪಕ್ಕ ಬಿಚ್ಚಿ, ಒಳಗಿನ ಬಟ್ಟೆಯನ್ನು ಅರ್ಧರ್ಧ ಬೆರಳು ಬಿಟ್ಟು ಹೊಲಿದಳು. ಹಳೆಯ ಹೊಲಿಗೆಯ ಗುರುತು ಹೋಗಲೆಂದು ಒದ್ದೆ ಮಾಡಿ ಇಸ್ತ್ರಿ ತಿಕ್ಕಿದಳು. ಆ ಸಂಜೆ ಅಕ್ಕ ಮೆಟ್ಟಿಲಿನಿಂದಲೇ ಕೂಗಿಕೊಂಡು ಬಂದಳು: "ಮೂರೇ ಬೆರಳು ಕಣೇ! ನಿನ್ನೆ ರಾತ್ರಿ ಊಟ ಬಿಟ್ಟಿದ್ದು ಕೈ ಹಿಡೀತು!"

ಅಲ್ಲಿಗೆ ಮುಗಿದಿದ್ದರೆ ಇದು ನಗುವ ಕತೆಯಾಗುತ್ತಿತ್ತು. ಆದರೆ ಸಂದು ಮತ್ತೆ ನಾಲ್ಕಾಯಿತು. ತಂಗಿ ಮತ್ತೆ ಬಿಟ್ಟಳು. ಮೂರನೆಯ ಸಲ ಒಳಗೆ ಬಿಡಲು ಬಟ್ಟೆಯೇ ಉಳಿದಿರಲಿಲ್ಲ. ಮೊದಲು ಕತ್ತರಿಸುವಾಗ ಮಿಕ್ಕಿದ್ದ ತುಂಡಿನಿಂದ ಎರಡು ಪಟ್ಟಿ ಕತ್ತರಿಸಿ, ಹೊಸತೆಂದು ಗೊತ್ತಾಗದಂತೆ ಒಗೆದು ಬಿಸಿಲಿಗೆ ಹಾಕಿ, ಕಂಕುಳ ಕೆಳಗೆ ಕೂಡಿಸಿದಳು. ಎಷ್ಟು ಚೆನ್ನಾಗಿ ಕೂಡಿಸಿದಳೆಂದರೆ ಅಮ್ಮ ಕಂಡಿದ್ದರೆ ಶಭಾಷ್ ಎನ್ನುತ್ತಿದ್ದಳು. ಸುಡಲಿ ಆ ಚೆಂದ.

ಅವಳಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಮೈ ದಪ್ಪವಾದರೆ ಎಲ್ಲ ಕಡೆಯೂ ಆಗುತ್ತದೆ; ತೋಳು, ಕುತ್ತಿಗೆ, ಬೆನ್ನು ಎಲ್ಲವೂ ಹೆಚ್ಚು ಬಟ್ಟೆ ಕೇಳುತ್ತವೆ. ಅಕ್ಕನ ಗೌನಿನ ತೋಳನ್ನು ತಂಗಿಯೇ ಹಿಡಿದು ಸಣ್ಣ ಮಾಡಿದ್ದಳು. ತೋಳಿಗೆ ಬಟ್ಟೆ ಮಿಗುತ್ತಿತ್ತು, ಹೊಟ್ಟೆಗೆ ಸಾಲುತ್ತಿರಲಿಲ್ಲ. ಎರಡು ತುತ್ತಿಗೇ ಹೊಟ್ಟೆ ತುಂಬಿತು ಎಂದು ಅಕ್ಕ ತಟ್ಟೆ ಸರಿಸುತ್ತಿದ್ದಳು. ಕಾರ್ಸೆಟ್ಟಿಗೆ ಹೆದರಿ ಹೊಟ್ಟೆ ಬುದ್ಧಿ ಕಲಿತಿದೆ ಎಂದು ಅದಕ್ಕೊಂದು ನಗೆ ಬೇರೆ. ಟೇಪು ಹಿಡಿದ ಕೈಗೆ ಎಲ್ಲಾ ಗೊತ್ತಾಗಿತ್ತು, ಬಾಯಿಗೆ ಬರಲಿಲ್ಲ. ನಾಳೆ ಹೇಳಿದರಾಯಿತು, ಈ ಆಟ ಮುಗಿಯಲಿ, ಮುಂದಿನ ಆಟ ಮುಗಿಯಲಿ ಎಂದುಕೊಳ್ಳುತ್ತಲೇ ಹೋದಳು.

ಒಂದು ದಿನ ಅಕ್ಕ ಸಿಂಹಾಸನದಿಂದ ಏಳಲಿಲ್ಲ. ಪರದೆ ಎಳೆದು ಅವಳನ್ನು ಎತ್ತಿಕೊಂಡು ಹೋದರು.

ಆಸ್ಪತ್ರೆಯ ಡಾಕ್ಟರಮ್ಮ ಅಕ್ಕನ ಹೊಟ್ಟೆ ಮುಟ್ಟಿ ನೋಡಿ, ಸ್ಕ್ಯಾನಿನ ಫಿಲ್ಮುಗಳನ್ನು ಬೆಳಕಿಗೆ ಹಿಡಿದಳು. ಆಮೇಲೆ ಕೇಳಿದಳು: "ಒಳಗೆ ಗಡ್ಡೆ ಇದೆ. ಹೊಟ್ಟೆ ತುಂಬ ನೀರು ಸೇರಿದೆ. ಇದು ಒಂದೆರಡು ದಿನದ್ದಲ್ಲ. ಹೊಟ್ಟೆ ಬರ್ತಾ ಇರೋದು ನಿಮಗೆ ಗೊತ್ತಾಗ್ಲಿಲ್ವಾ? ಬಟ್ಟೆ ಬಿಗಿ ಆಗ್ಲಿಲ್ವಾ?"

"ಇಲ್ಲ ಡಾಕ್ಟ್ರೇ," ಎಂದಳು ಅಕ್ಕ, ಮಲಗಿದಲ್ಲೇ ಸ್ವಲ್ಪ ಹೆಮ್ಮೆಯಿಂದ. "ಒಮ್ಮೊಮ್ಮೆ ಉಬ್ಬಿದ ಹಾಗೆ ಅನ್ಸೋದು. ಆದ್ರೆ ನನ್ನ ಅಳತೆ ಇವತ್ತಿಗೂ ಮೂರೇ ಬೆರಳು. ಬೇಕಿದ್ರೆ ನನ್ನ ತಂಗೀನ ಕೇಳಿ, ಹೊಲಿದಿದ್ದು ಅವಳೇ."

ಡಾಕ್ಟರಮ್ಮ ತಂಗಿಯ ಕಡೆ ನೋಡಿದಳು. ತಂಗಿ ತಲೆಯಾಡಿಸಿದಳು. ಹೌದು ಎಂದೋ ಇಲ್ಲ ಎಂದೋ ಅವಳಿಗೇ ತಿಳಿಯಲಿಲ್ಲ.

ಹೊರಗಿನ ಬೆಂಚಿನ ಹತ್ತಿರ ಡಾಕ್ಟರಮ್ಮ ತಗ್ಗಿದ ದನಿಯಲ್ಲಿ ಹೇಳಿದಳು: "ಮೊದಲೇ ಬಂದಿದ್ರೆ ಗಡ್ಡೆ ತೆಗೀಬಹುದಿತ್ತು. ಈಗ ಎಲ್ಲಾ ಕಡೆ ಹರಡಿದೆ. ನೀರು ತೆಗೆದು ಕಳಿಸ್ತೀವಿ, ನೋವಿಗೆ ಮಾತ್ರೆ ಕೊಡ್ತೀವಿ. ಇನ್ನು ನಮ್ಮ ಕೈಲಿ ಏನೂ ಇಲ್ಲ."

ತಂಗಿ ಆ ಬೆಂಚಿನ ಮೇಲೆ ಕೂತು ತನ್ನ ಬೆರಳುಗಳನ್ನೇ ನೋಡಿಕೊಂಡಳು. ಅಕ್ಕನ ಮೈ ಬಾಯಿಬಿಟ್ಟು ಕೂಗಿಕೊಂಡಾಗಲೆಲ್ಲ ಅದರ ಬಾಯಿ ಹೊಲಿದವಳು ತಾನು. ಕೈ ಕತ್ತರಿಸಿ ಎಸೆಯಬೇಕು ಅನ್ನಿಸಿತು.

ಮನೆಗೆ ಬಂದ ಮೇಲೆ ಅಕ್ಕನಿಗೆ ಎಲ್ಲ ತಿಳಿಸಿದ್ದಾಯಿತು, ಗಡ್ಡೆ, ಹರಡಿದ್ದು, ಎಲ್ಲ; ಪಟ್ಟಿಯ ಮಾತೊಂದು ಬಿಟ್ಟು. ಅಕ್ಕ ಎರಡು ದಿನ ಗೋಡೆ ಕಡೆ ತಿರುಗಿ ಮಲಗಿದಳು. ಮೂರನೆಯ ದಿನ ಮಧ್ಯಾಹ್ನ ಎದ್ದು ಕೂತಳು.

"ಕಾರ್ಸೆಟ್ ತಾ."

"ಈಗ್ಯಾಕಕ್ಕಾ, ಸುಸ್ತಾಗುತ್ತೆ."

"ತಾರೇ. ಹೊಸ ಹುಡುಗಿ ನಿನ್ನೆ ನನ್ನ ಸಿಂಹಾಸನದಲ್ಲಿ ಕೂತಳಂತೆ. ನಾನೂ ಒಂದ್ಸಲ ರಾಣಿ ಹಾಗೆ ಕೂರ್ತೀನಿ. ಇಲ್ಲೇ, ಈ ಮಂಚದ ಮೇಲೆ."

ತಂಗಿ ಗೂಟದಿಂದ ಅದನ್ನು ತೆಗೆದು ತೊಡಿಸಿದಳು. ಲಾಡಿ ಎಳೆದಳು. ನೀರು ತೆಗೆದ ಹೊಟ್ಟೆ ಒಳಕ್ಕೆ ಹೋಗಿತ್ತು. ಲಾಡಿ ಎಳೆದಷ್ಟೂ ಬಂತು, ತಡೆಯೇ ಇಲ್ಲ. ಎರಡು ಅಂಚುಗಳು ಬಂದು ಕೂಡಿಕೊಂಡವು, ಆದರೂ ಕುಪ್ಪಸ ಮೈಯಿಂದ ದೂರವೇ ನಿಂತಿತು.

ಅಕ್ಕನ ಕೈ ಅಭ್ಯಾಸದಂತೆ ಹಿಂದೆ ಹೋಯಿತು. ಬೆರಳುಗಳು ಸಂದು ಹುಡುಕಿದವು. ಮೇಲೆ ಹುಡುಕಿದವು, ಕೆಳಗೆ ಹುಡುಕಿದವು. ಆಮೇಲೆ ಪಕ್ಕಕ್ಕೆ ಸರಿದು ಕಂಕುಳ ಕೆಳಗಿನ ಹೊಲಿಗೆಯನ್ನು ಸವರಿದವು, ಅದರ ಪಕ್ಕದ ಇನ್ನೊಂದು ಹೊಲಿಗೆಯನ್ನೂ. ಮೂವತ್ತು ವರ್ಷ ವೇಷ ತೊಟ್ಟವಳಿಗೆ ಆಮೇಲೆ ಕೂಡಿಸಿದ ಪಟ್ಟಿ ಯಾವುದೆಂದು ಹೇಳಿಕೊಡಬೇಕೇ?

ತಂಗಿ ಲಾಡಿ ಹಿಡಿದುಕೊಂಡೇ ನಿಂತಿದ್ದಳು. ಕೆಳಗೆ ಇಸ್ತ್ರಿಯವನು ಯಾರೊಂದಿಗೋ ನಗುತ್ತಿದ್ದ.

"ಬಟ್ಟೆ ಹಿಗ್ಗಿಬಿಟ್ಟಿದೆಯಲ್ಲೇ," ಎಂದಳು ಅಕ್ಕ. ದನಿ ಥೇಟ್ ಅಮ್ಮನದು. "ಒಗೆದೂ ಒಗೆದೂ."

"ತಪ್ಪು ಬಟ್ಟೇದಲ್ಲ ಅಕ್ಕಾ. ನಂದು." ತಂಗಿಗೆ ಅಳು ನುಗ್ಗಿ ಬಂತು. "ಮೂರು ಸಲ ಬಿಚ್ಚಿದೆ."

"ಒಂದ್ಸಲಾನೂ ಹೇಳ್ಬೇಕು ಅನ್ನಿಸ್ಲಿಲ್ವಾ?"

"ಅನ್ನಿಸ್ತು. ನೀನು ಅಳೋವಾಗ ನಿನ್ನ ಮುಖ ನೋಡೋಕಾಗ್ಲಿಲ್ಲ."

ಅಕ್ಕ ಬಯ್ಯಲಿಲ್ಲ. ಬೈದಿದ್ದರೆ, ಕೆನ್ನೆಗೆ ಎರಡು ಬಿಟ್ಟಿದ್ದರೆ, ತಂಗಿ ಅಷ್ಟನ್ನಾದರೂ ಇಟ್ಟುಕೊಂಡು ಬದುಕುತ್ತಿದ್ದಳು. ಅಕ್ಕ ಮಂಚದ ಕಂಬ ಹಿಡಿದು ನಿಧಾನವಾಗಿ ತಿರುಗಿದಳು. ಬಣ್ಣವಿಲ್ಲದ ಮುಖ, ಒಳಗೆ ಹೋದ ಕಣ್ಣು, ಎದ್ದು ಕಾಣುವ ಕೆನ್ನೆಯ ಮೂಳೆ. ತಂಗಿ ತಲೆ ತಗ್ಗಿಸಿದಾಗ ಗಲ್ಲ ಹಿಡಿದು ಎತ್ತಿದಳು.

"ಈಗ ನೋಡು," ಎಂದಳು.