ಕೆಂಪು ಮುಚ್ಚಳದ ಟ್ಯೂಬು

ಅಕ್ಕನ ಸ್ಕ್ಯಾನು ನೋಡಿದ ಡಾಕ್ಟರು "ಮೂಳೆ ಗಟ್ಟಿಯಾಗಿದೆ" ಎಂದು ಹೇಳಿ ಮೂರು ವಾರ ಆಗಿತ್ತೋ ಇಲ್ಲವೋ, ಬಸ್ಸಿನ ಮೆಟ್ಟಿಲು ಇಳಿಯುವಾಗ ಅವಳ ಸೊಂಟದ ಮೂಳೆ ಮುರಿಯಿತು. ಜಾರಿದ್ದಲ್ಲ, ಯಾರೂ ತಳ್ಳಿದ್ದಲ್ಲ. ಸುಮ್ಮನೆ ಕಾಲು ಕೆಳಗಿಟ್ಟಳು, ಲಟಕ್ಕೆಂದಿತು, ಅಷ್ಟೇ. ವರ್ಷ ತುಂಬುವಷ್ಟರಲ್ಲಿ ನೀರಿನ ಚೊಂಬು ಎತ್ತಲು ಹೋಗಿ ಮಣಿಕಟ್ಟೂ ಹೋಯಿತು. ಈಗ ಯಾರಾದರೂ ಹಿಡಿಯದೆ ಅವಳು ಹಾಸಿಗೆಯಲ್ಲಿ ಹೊರಳಲೂ ಆರಳು. ಅವಳಂಥ ಸಕ್ಕರೆ ಕಾಯಿಲೆಯ ಎಷ್ಟೋ ಜನರ ಮೂಳೆಯ ಹಣೆಬರಹ ಹೀಗೆಯೇ. ಸ್ಕ್ಯಾನಿನಲ್ಲಿ ಎಲ್ಲ ಸರಿ, ಒಳಗೆ ಮಾತ್ರ ಏನೋ ಸರಿಯಿಲ್ಲ. ಇನ್ನೊಂದು ಸಲ ಮುರಿದರೆ ಮತ್ತೆ ಏಳುವ ಮಾತೇ ಇಲ್ಲ, ಆಪರೇಷನ್ ಮಾಡಿದರೆ ಗಾಯ ಮಾಯುವುದಿಲ್ಲ ಎಂದು ಅದೇ ಡಾಕ್ಟರು ಅದೇ ಬಾಯಲ್ಲಿ ಹೇಳಿದರು.

ತಂಗಿಗೆ ಮಾತ್ರ ಒಂದು ಆಸೆ ಉಳಿದಿತ್ತು, ಅದೂ ತಾನು ಕೆಲಸ ಮಾಡುವ ಜಾಗದಲ್ಲೇ. ಅವಳು ಸಂಶೋಧನಾ ಕೇಂದ್ರದ ನೆಲಮಹಡಿಯಲ್ಲಿ ರಕ್ತ ತೆಗೆಯುವವಳು. ಪರೀಕ್ಷೆಗೆ ಬರುವ ವಯಸ್ಸಾದವರು ಅವಳಿಗಿಟ್ಟ ಹೆಸರು ಸೂಜಿಯಮ್ಮ. ಚುಚ್ಚಿದ್ದೇ ಗೊತ್ತಾಗುವುದಿಲ್ಲ ಎಂದು ಎಲ್ಲರೂ ಹೊಗಳುವವರೇ. ಮೂರನೇ ಮಹಡಿಯಲ್ಲಿ ಕೂರುವ ದೊಡ್ಡ ಮೇಡಂ ಏಳು ವರ್ಷದಿಂದ ಬೆನ್ನು ಹತ್ತಿದ್ದ ವಿಷಯ ಒಂದೇ: ಮೂಳೆ ಮೈ ಹೊರುವುದಕ್ಕಷ್ಟೇ ಇರುವುದಲ್ಲ, ಅದು ರಕ್ತಕ್ಕೆ ಒಂದು ಪ್ರೋಟೀನು ಬಿಡುತ್ತದೆ, ಸಕ್ಕರೆಯನ್ನು ಹತೋಟಿಯಲ್ಲಿಡುವುದರಲ್ಲಿ ಆ ಪ್ರೋಟೀನಿನ ಕೈಯೂ ಇದೆ. ನಾನೂರು ಜನರ ರಕ್ತ ನೋಡಿದ್ದಾಯಿತು. ಸಕ್ಕರೆ ಕಾಯಿಲೆಯವರಲ್ಲಿ ಆ ಪ್ರೋಟೀನು ಬೇರೆಯವರ ಅರ್ಧದಷ್ಟೂ ಇರಲಿಲ್ಲ. ಎಲ್ಲರೂ ಮೇಡಂ ಬೆನ್ನು ತಟ್ಟಿದರು. ಆ ಕೊರತೆ ತುಂಬಿದರೆ ಸಕ್ಕರೆಯೂ ಹತೋಟಿಗೆ ಬರುತ್ತದೆ, ಮೂಳೆ ಮುರಿಯುವುದೂ ನಿಲ್ಲುತ್ತದೆ ಎಂಬ ಲೆಕ್ಕದಲ್ಲಿ ಈಗ ಅದರ ಚುಚ್ಚುಮದ್ದನ್ನು ಅರವತ್ತು ಜನರಿಗೆ ಕೊಟ್ಟು ನೋಡುವವರಿದ್ದರು. ಪಟ್ಟಿಯಲ್ಲಿ ಒಂಬತ್ತನೆಯ ಹೆಸರು ಅಕ್ಕನದು.

"ಪ್ರೋಟೀನು ಕಡಿಮೆ ಇರೋರಿಗೆ ಮಾತ್ರ ಕೊಡೋದು. ಸಾಕಷ್ಟು ಇರೋರಿಗೆ ಹೋದ್ರೆ ಸಕ್ಕರೆ ಸರ್ರಂತ ಇಳಿದು ಜೀವಕ್ಕೇ ಕುತ್ತು ಬರುತ್ತೆ" ಎಂದು ಮೇಡಂ ಮೊದಲೇ ಹೇಳಿದ್ದರು. ಹಾಗಾಗಿ ಅಕ್ಕನದೂ ಒಂದು ಪರೀಕ್ಷೆ ಆಗಬೇಕಿತ್ತು. ಹೆಸರಿಗೊಂದು ಪರೀಕ್ಷೆ, ಕಡಿಮೆ ಇರದೆ ಎಲ್ಲಿಗೆ ಹೋದೀತು ಎಂದುಕೊಂಡಳು ಸೂಜಿಯಮ್ಮ.

ಅಕ್ಕನನ್ನು ಅಷ್ಟು ದೂರ ಕರೆತರುವ ಧೈರ್ಯವಾಗದೆ ಮನೆಯಲ್ಲೇ ರಕ್ತ ತೆಗೆದಳು.

"ನನ್ನ ಹತ್ರ ಉಳಿದಿರೋದೇ ಇಷ್ಟು, ಅದನ್ನೂ ಹೀರ್ಕೊಂಡು ಹೋಗು" ಎಂದಳು ಅಕ್ಕ, ತೋಳು ಚಾಚಿ.

"ಸುಮ್ನಿರೇ. ಮುಂದಿನ ತಿಂಗಳಿಂದ ಔಷಧಿ ಶುರು."

"ಆಮೇಲೆ ನೋಡ್ತಿರು, ನಿನ್ನ ಕಿವಿ ಹಿಂಡೋಕೆ ನಾನೇ ಎದ್ದು ಬರ್ತೀನಿ."

ಅಕ್ಕನ ರಕ್ತ ಅಲ್ಲವೇ, ಸೂಜಿಯಮ್ಮ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೆಲಸ ಮಾಡಿದಳು. ಕೆಂಪು ಮುಚ್ಚಳದ ಟ್ಯೂಬನ್ನು ಆ ಕ್ಷಣವೇ ಐಸ್ ಡಬ್ಬಿಗೆ ಹಾಕಿ, ಆಟೋ ಹಿಡಿದು, ಅರ್ಧ ಗಂಟೆಯೊಳಗೆ ರಕ್ತ ತಿರುಗಿಸುವ ಯಂತ್ರಕ್ಕಿಟ್ಟು, ಮೇಲೆ ನಿಂತ ತಿಳಿಯನ್ನು ತೆಗೆದು ಫ್ರೀಜರಿಗೆ ಸೇರಿಸಿದಳು. ಗೋಡೆಯ ಮೇಲಿನ ನಿಯಮದ ಹಾಳೆಯಲ್ಲಿ ಇದ್ದದ್ದೂ ಅದೇ.

ನಾಲ್ಕನೆಯ ದಿನ ಚೀಟಿ ಬಂತು. ಅಕ್ಕನ ಪ್ರೋಟೀನು ಆರೋಗ್ಯವಂತರಷ್ಟೇ ಇತ್ತು. ಔಷಧಿಗೆ ಅರ್ಹಳಲ್ಲ.

ಎಲ್ಲೋ ತಪ್ಪಾಗಿದೆ ಎಂದು ಅವಳು ಮೇಲಿನ ಮಹಡಿಯ ಲ್ಯಾಬಿನವರನ್ನು ಬೈದುಕೊಂಡಳು. ಇಷ್ಟು ವರ್ಷದಲ್ಲಿ ಸಕ್ಕರೆಯವರ ಒಂದು ಟ್ಯೂಬೂ ಹೀಗೆ ಹೇಳಿರಲಿಲ್ಲ, ಅಕ್ಕನದೊಂದೇ ಯಾಕೆ ಹೇಳಬೇಕು? ಅಕ್ಕನ ಟ್ಯೂಬಿಗೆ ತಾನು ಮಾಡಿದ್ದೇನು, ಉಳಿದವರದಕ್ಕೆ ಮಾಡದೆ ಇದ್ದದ್ದೇನು ಎಂದು ಒಂದೊಂದಾಗಿ ನೆನೆಯುತ್ತ ಹೋದವಳಿಗೆ ಕಿಟಕಿಯ ಪಕ್ಕದ ಮೇಜು ಕಣ್ಣಿಗೆ ಕಟ್ಟಿತು.

ನೋಡಿ, ಗಟ್ಟಿಮುಟ್ಟಾಗಿದ್ದವರು ರಕ್ತ ಕೊಟ್ಟು, ತೋಳು ಮಡಚಿ, ಬಂದ ದಾರಿ ಹಿಡಿಯುತ್ತಿದ್ದರು. ಅವರ ಟ್ಯೂಬು ನೆಟ್ಟಗೆ ಯಂತ್ರಕ್ಕೆ. ಸಕ್ಕರೆಯವರು ಹಾಗಲ್ಲ. ಖಾಲಿ ಹೊಟ್ಟೆಯಲ್ಲಿ ಬಂದವರು ರಕ್ತ ಕೊಡುತ್ತಲೇ ಬೆವೆತು ನಡುಗುವರು. ಅವರಿಗೆ ಹಾಲು ಬ್ರೆಡ್ಡು ತಿನ್ನಿಸಬೇಕು, ಕೈ ಹಿಡಿದು ಶೌಚಾಲಯಕ್ಕೆ ಒಯ್ಯಬೇಕು, ಮಗನೋ ಸೊಸೆಯೋ ಬರುವವರೆಗೆ ಜೊತೆಗೆ ಕೂತು ಅವರ ಗೋಳು ಕೇಳಬೇಕು. ಇದ್ಯಾವುದೂ ಅವಳ ಕೆಲಸವಲ್ಲ. ಆದರೆ ಬಿಟ್ಟು ಹೋಗಲು ಅವಳಿಗೆ ಮನಸ್ಸಾದರೂ ಹೇಗೆ ಬಂದೀತು? ಅಷ್ಟು ಹೊತ್ತೂ ಅವರ ಟ್ಯೂಬು ಕಿಟಕಿಯ ಪಕ್ಕದ ಬಿಸಿಲು ಮೇಜಿನ ಮೇಲಿರುತ್ತಿತ್ತು. ಎರಡು ಗಂಟೆ, ಮೂರು ಗಂಟೆ. ಹೊತ್ತು ಬರೆದಿಡುವ ಪುಸ್ತಕದಲ್ಲಿ ಮಾತ್ರ ಎಲ್ಲ ಚೊಕ್ಕ, ಯಾಕೆಂದರೆ ಬೆಳಿಗ್ಗೆ ಗಡಿಬಿಡಿಯಾಗದಿರಲೆಂದು ಅವಳು ಹಿಂದಿನ ಸಂಜೆಯೇ ಕೂತು ತುಂಬಿಸಿಡುತ್ತಿದ್ದಳು. ತೆಗೆದದ್ದು ಎಂಟೂ ಹತ್ತು, ಯಂತ್ರಕ್ಕಿಟ್ಟದ್ದು ಎಂಟೂ ನಲವತ್ತು. ಸುಳ್ಳು ಬರೆಯುತ್ತಿದ್ದೇನೆ ಎಂದು ಅವಳಿಗೆ ಒಂದು ದಿನವೂ ಅನಿಸಿರಲಿಲ್ಲ.

ಮರುದಿನ ಅಕ್ಕನ ಅದೇ ತೋಳಿನಿಂದ ಎರಡು ಟ್ಯೂಬು ತೆಗೆದಳು. ಒಂದನ್ನು ಐಸಿಗೆ ಹಾಕಿದಳು, ಇನ್ನೊಂದನ್ನು ಮೂರು ಗಂಟೆ ಆ ಮೇಜಿನ ಮೇಲೆ ಬಿಟ್ಟಳು. ಮರುಪರೀಕ್ಷೆ ಎಂದು ಬರೆದು ಮೇಲೆ ಕಳಿಸಿದಳು. ಐಸಿನದು ಪೂರ್ತಿ ಬಂತು, ಮೇಜಿನದು ಅರ್ಧ. ಪ್ರೋಟೀನು ಹಾಳಾಗುತ್ತಿದ್ದದ್ದು ಮೈಯೊಳಗಲ್ಲ, ಟ್ಯೂಬಿನೊಳಗೆ.

ಎರಡು ಚೀಟಿ ಹಿಡಿದು ಅವಳು ಮೆಟ್ಟಿಲ ಮೇಲೆ ಕೂತುಬಿಟ್ಟಳು. ಅರ್ಧದ ಚೀಟಿ ಒಂದನ್ನೇ ಕೊಟ್ಟರೆ ಅಕ್ಕನ ಹೆಸರು ಪಟ್ಟಿಯಲ್ಲಿ ಉಳಿಯುತ್ತದೆ. ಕೇಳುವವರಿಲ್ಲ, ಹೇಳುವವರಿಲ್ಲ. ಆದರೆ ಇಲ್ಲದ ಕೊರತೆಗೆ ಔಷಧಿ ಚುಚ್ಚಿ ಅಕ್ಕನನ್ನು ತನ್ನ ಕೈಯಾರೆ ಕೊಲ್ಲುವುದೇ? ಜೊತೆಗೆ ಇನ್ನೂ ಐವತ್ತೊಂಬತ್ತು ಜನರನ್ನು? ಎದ್ದು ಮೂರನೇ ಮಹಡಿಗೆ ಹೋದಳು.

ದೊಡ್ಡ ಮೇಡಂ ಎರಡೂ ಚೀಟಿ ನೋಡಿದರು. ಎಲ್ಲ ಕೇಳಿದರು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಎಷ್ಟು ಜನರದು ಹೀಗಾಗಿರಬಹುದು?"

"ಸಕ್ಕರೆಯವರ‍್ದು ಹೆಚ್ಚುಕಡಿಮೆ ಎಲ್ಲಾರ‍್ದೂ, ಮೇಡಂ."

"ಏಳು ವರ್ಷದಲ್ಲಿ ನಾನು ಒಂದು ದಿನ ಬೆಳಿಗ್ಗೆ ಕೆಳಗೆ ಬಂದು ನಿಂತಿದ್ರೆ ಸಾಕಿತ್ತು" ಎಂದರು ಮೇಡಂ. ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಫೋನು ಎತ್ತಿ ಅರವತ್ತು ಜನರ ಪಟ್ಟಿ ನಿಲ್ಲಿಸಿ ಎಂದು ಯಾರಿಗೋ ಹೇಳಿದರು. "ಹಳೇದನ್ನೆಲ್ಲ ಎಸೀಬೇಕು. ಮತ್ತೆ ಮೊದಲಿಂದ ಮಾಡೋಕೆ ಯಾರೂ ಬಿಡೋದಿಲ್ಲ. ನೀವು ಮನೆಗೆ ಹೋಗಿ." ಏಳು ವರ್ಷದ ದುಡಿಮೆ ಮಣ್ಣುಪಾಲಾಗಲು ಹತ್ತು ನಿಮಿಷವೂ ಹಿಡಿಯಲಿಲ್ಲ. ನಾಳೆ ಬರಬೇಕೋ ಬೇಡವೋ ಎಂದು ಕೇಳದೆಯೇ ಸೂಜಿಯಮ್ಮ ಮೆಟ್ಟಿಲಿಳಿದಳು.

ಸಂಜೆ ಅಕ್ಕನಿಗೆ ಹೇಳಿದಳು. ಒಂದನ್ನೂ ಮುಚ್ಚಿಡಲಿಲ್ಲ.

ಅಕ್ಕ ಮಲಗಿದ್ದಲ್ಲಿಂದಲೇ ತಲೆ ಇತ್ತ ತಿರುಗಿಸಿದಳು. "ಹಾಗಾದ್ರೆ ನನ್ನ ರಕ್ತದಲ್ಲಿ ಅದು ಸರಿಯಾಗೇ ಇದೆ."

"ಹೂಂ."

"ಮತ್ತೆ ನನ್ನ ಮೂಳೆ ಯಾಕೆ ಹೀಗೆ ಮುರಿಯುತ್ತೆ?"

"ಗೊತ್ತಿಲ್ಲ ಅಕ್ಕಾ. ಮೇಡಂಗೂ ಗೊತ್ತಿಲ್ಲ."

"ಏಳು ವರ್ಷ ಅಷ್ಟು ಜನರ ರಕ್ತ ತೆಗೆದ್ರಲ್ಲೇ. ಏನು ಅಳೆದ್ರಿ?"

"ನಾನು ಎಷ್ಟು ತಡ ಮಾಡ್ದೆ ಅನ್ನೋದನ್ನ."

ಅಕ್ಕ ನಗುತ್ತಾಳೆ, ಏನಾದರೂ ಚುಡಾಯಿಸುತ್ತಾಳೆ ಎಂದು ತಂಗಿ ಕಾದಳು. ಅಕ್ಕ ನಗಲಿಲ್ಲ. ಅವಳ ಕಣ್ಣಿನಿಂದ ನೀರಿಳಿದು ಕಿವಿಯ ಕಡೆಗೆ ಹೋಯಿತು. ಒರೆಸಿಕೊಳ್ಳಲಿಲ್ಲ.

"ಬೆನ್ನು ಉರೀತಿದೆ" ಎಂದಳು ಕೊನೆಗೆ. "ಆ ಕಡೆ ಹೊರಳಿಸು."

ಸೂಜಿಯಮ್ಮ ಒಂದು ಕೈಯನ್ನು ಅಕ್ಕನ ಭುಜದ ಕೆಳಗೂ ಇನ್ನೊಂದನ್ನು ಸೊಂಟದ ಕೆಳಗೂ ತೂರಿಸಿದಳು. ಎಷ್ಟು ಬಲ ಹಾಕಬಹುದು ಎಂದು ಅವಳಿಗೆ ಗೊತ್ತಾಗಲಿಲ್ಲ. ಹಾಗೆಯೇ ಬಗ್ಗಿ ನಿಂತಳು.

"ಹೊರಳಿಸೇ" ಎಂದಳು ಅಕ್ಕ.