ಹಳದಿ ಒಂದು, ಬಿಳಿ ಎರಡು

ಕಾಂಪೌಂಡರ್ ತೀರಿಕೊಂಡು ತಿಂಗಳಾಗಿತ್ತು. ಅವರ ಫೋನಿಗೆ ಮಾತ್ರ ಆ ಸುದ್ದಿ ಇನ್ನೂ ಮುಟ್ಟಿದಂತಿರಲಿಲ್ಲ. ಬೆಳಿಗ್ಗೆ ಏಳಕ್ಕೆ ಬಡಿದುಕೊಳ್ಳಲು ಶುರುವಾದರೆ ಒಂಬತ್ತರವರೆಗೂ ಬಿಡುವಿಲ್ಲ.

"ಕಾಂಪೌಂಡ್ರೇ, ಹೊಸ ಮಾತ್ರೆ ಊಟಕ್ಕೆ ಮುಂಚೆನೋ ಆಮೇಲೋ?"

"ನಾನು ಅವರ ಮಗಳು. ಅಪ್ಪ ತೀರ್ಕೊಂಡ್ರು."

"ಅಯ್ಯೋ ಪಾಪ! ಎಂಥಾ ಮನುಷ್ಯ!" ಆ ಕಡೆ ಮಾತ್ರೆಯ ಪಟ್ಟಿ ಸರಪರ ಎಂದಿತು. "ಊಟಕ್ಕೆ ಮುಂಚೆನೋ ಆಮೇಲೋ ಅಂತ ನಿಮಗೇನಾದ್ರೂ ಹೇಳಿ ಹೋಗಿದ್ರಾ?"

ಮಗಳು ಫೋನ್ ಬಂದ್ ಮಾಡಬೇಕೆಂದಾಗಲೆಲ್ಲ ತಾಯಿ ತಡೆಯುತ್ತಿದ್ದಳು. "ಇರಲಿ ಬಿಡೇ. ಅದು ಬಡ್ಕೊಂಡ್ರೆ ಅವರು ಒಳಗೇ ಇದಾರೆ ಅನ್ಸುತ್ತೆ."

ಮೂವತ್ತೆಂಟು ವರ್ಷ ಕಾಂಪೌಂಡರ್ ಒಂದೇ ದವಾಖಾನೆಯ ಔಷಧಿ ಕಿಟಕಿಯ ಹಿಂದೆ ಕೂತವರು. ಡಾಕ್ಟರ ಕೋಣೆಯಿಂದ ಆ ಕಿಟಕಿಗೆ ಎಂಟೇ ಹೆಜ್ಜೆ. ಆ ಎಂಟು ಹೆಜ್ಜೆಯಲ್ಲಿ ಡಾಕ್ಟರು ಹೇಳಿದ್ದೆಲ್ಲ ರೋಗಿಗಳ ತಲೆಯಿಂದ ಸೋರಿಹೋಗುತ್ತಿತ್ತು. ಡಾಕ್ಟರು ಕೆಟ್ಟವರೇನಲ್ಲ, ಹೊರಗೆ ನಲವತ್ತು ಜನ ಕಾಯುತ್ತಿರುವಾಗ ಒಬ್ಬೊಬ್ಬರಿಗೆ ಎರಡು ನಿಮಿಷಕ್ಕಿಂತ ಹೆಚ್ಚು ಕೊಡಲು ಅವರಿಗೆ ಆಗುತ್ತಿರಲಿಲ್ಲ. ಹಾಗಾಗಿ ಹೊರಬಂದವರು, ಒಳಗೆ ಇಲ್ಲದೇ ಇದ್ದ ಮನುಷ್ಯನನ್ನೇ ಕೇಳುತ್ತಿದ್ದರು: "ಡಾಕ್ಟರು ಏನಂದ್ರು?" ಅವರು ಚೀಟಿ ಓದಿ, ಮಾತ್ರೆಗಳನ್ನು ಅಂಗೈ ಮೇಲೆ ಹರಡಿ, ಬಣ್ಣದ ಲೆಕ್ಕದಲ್ಲಿ ಹೇಳುತ್ತಿದ್ದರು. ಹಳದಿ ಒಂದು, ರಾತ್ರಿ. ಬಿಳಿ ಎರಡು, ಬೆಳಿಗ್ಗೆ. ಮಂಡಿ ನೋವಿನಿಂದ ಮನೆ ಹಿಡಿದ ಮೇಲೆ ಅದನ್ನೇ ಫೋನಿನಲ್ಲಿ ದನಿ ತುಂಬಿ ಕಳಿಸತೊಡಗಿದರು.

ಮಗಳಿಗೆ ಇದು ಹಿಡಿಸುತ್ತಿರಲಿಲ್ಲ. ಆಕೆ ರಸಾಯನಶಾಸ್ತ್ರ ಓದಿ, ಮಾತ್ರೆ ತಯಾರಿಸುವ ಕಾರ್ಖಾನೆಯಲ್ಲಿ ಗುಣಮಟ್ಟ ಪರೀಕ್ಷಿಸುವವಳು. "ಅಪ್ಪಾ, ಬಣ್ಣ ಹೇಳ್ಬೇಡಿ, ಹೆಸರು ಹೇಳಿ."

"ಹೆಸರು ನಿಮ್ಮ ಕಂಪನಿಯವರಿಗೆ ಬೇಕು ಕಣೆ. ನಾಲಿಗೆ ಮೇಲೆ ಹೊರಳದ್ದು ಗಂಟಲಲ್ಲಿ ಇಳಿಯುತ್ತಾ?"

ಆ ಬುಧವಾರ ಬೆಳಿಗ್ಗೆ ಫೋನಿನ ಮೇಲೆ 'ಸೂಜಿ ಅಜ್ಜಿ' ಎಂದು ಮೂಡಿತು. ಕಾಂಪೌಂಡರ್ ಯಾರ ಹೆಸರನ್ನೂ ಬರೆದುಕೊಂಡವರಲ್ಲ. ಅವರ ಪಟ್ಟಿಯಲ್ಲಿದ್ದವರು ಕೆಮ್ಮು ಮೇಷ್ಟ್ರು, ಎಡಗಾಲು, ಸಕ್ಕರೆ ಅಣ್ಣ, ಸಕ್ಕರೆ ತಮ್ಮ. ಸೂಜಿ ಅಜ್ಜಿ ಬಟ್ಟೆ ಹೊಲಿಯುವವಳು. ಎದೆಯ ಕವಾಟ ಕೆಟ್ಟು, ರಕ್ತ ಹೆಪ್ಪುಗಟ್ಟದಂತೆ ಹಳದಿ ಮಾತ್ರೆ ತೆಗೆದುಕೊಳ್ಳುತ್ತಿದ್ದಳು.

"ಮಗಳೇ, ಹಳದಿ ನಿಲ್ಲಿಸಿಬಿಟ್ರಾ? ಈ ಸಲ ಅಂಗಡಿಯವನು ಬರೀ ಬಿಳೀನೇ ಕೊಟ್ಟಿದಾನೆ. ನಾನೂ ಕಾಯಿಲೆ ಕಮ್ಮಿ ಆಯ್ತೇನೋ ಅಂದ್ಕೊಂಡೆ. ಆದ್ರೆ ಮೈಯೆಲ್ಲ ನೀಲಿ ಆಗ್ತಿದೆ ನೋಡು. ಮಿಷನ್ನಿಗೆ ತೊಡೆ ಸೋಕಿದ್ರೂ ನೀಲಿ. ಹಲ್ಲುಜ್ಜಿದ್ರೆ ರಕ್ತ."

ಮಗಳು ಕೂತಲ್ಲಿಂದ ಎದ್ದಳು.

ನಾಲ್ಕು ತಿಂಗಳ ಹಿಂದೆ ಅವಳ ಕಾರ್ಖಾನೆಯಲ್ಲಿ ಆ ಮಾತ್ರೆಯ ಹಳದಿ ಬಣ್ಣವನ್ನು ಕೈಬಿಟ್ಟು ಬಿಳಿ ಮಾಡಿದ್ದರು. ಹಳೆಯದನ್ನೂ ಹೊಸದನ್ನೂ ಅಕ್ಕಪಕ್ಕದ ಗಾಜಿನ ಪಾತ್ರೆಗಳಲ್ಲಿ ಕರಗಿಸಿ, ಮೂರು ದಿನ ಅಳೆದು, ವರದಿ ಬರೆದವಳು ಅವಳೇ: "ಬಣ್ಣದ ಹೊರತು ಯಾವ ವ್ಯತ್ಯಾಸವೂ ಇಲ್ಲ." ಕೆಳಗೆ ರುಜು ಹಾಕಿದ್ದಳು. ಅಳತೆಯಲ್ಲಿ ಎಳ್ಳಷ್ಟೂ ತಪ್ಪಿರಲಿಲ್ಲ. ಆ ಒಂದು ಬಣ್ಣದ ಮೇಲೆ ತನ್ನ ಅಪ್ಪ ಊರಿನ ಅರ್ಧ ಪ್ರಾಣಗಳನ್ನು ನಿಲ್ಲಿಸಿದ್ದಾರೆಂಬುದು ಆಗ ಅವಳ ತಲೆಗೆ ಹೊಳೆದಿರಲಿಲ್ಲ.

"ಅಜ್ಜೀ, ಇನ್ನೊಂದು ಮಾತ್ರೆಯನ್ನೂ ಬಾಯಿಗೆ ಹಾಕ್ಬೇಡಿ. ಬಂದೆ."

ಅಜ್ಜಿಯ ಕೋಣೆ ಮಹಡಿಯ ಮೇಲಿತ್ತು. ಮೆಟ್ಟಿಲ ಕೊನೆಯಲ್ಲಿ ಮಗಳು ಕಂಬದಂತೆ ನಿಂತುಬಿಟ್ಟಳು. ಮುಚ್ಚಿದ ಬಾಗಿಲ ಹಿಂದೆ ಅಪ್ಪ ಮಾತಾಡುತ್ತಿದ್ದರು.

"ಹಳದಿ ಒಂದು, ರಾತ್ರಿ ಊಟ ಆದ್ಮೇಲೆ. ಬಿಳಿ ಎರಡು, ಬೆಳಿಗ್ಗೆ. ಬಿಳೀದು ಮೂಳೆಗೆ, ಭಯ ಇಲ್ಲ. ನೀರು ಜಾಸ್ತಿ ಕುಡೀರಿ. ಏನಿದ್ರೂ ನನ್ನನ್ನೇ ಕೇಳಿ."

"ಹೂಂ, ಆಯ್ತಪ್ಪ," ಎಂದಿತು ಅಜ್ಜಿಯ ದನಿ.

ಬಾಗಿಲು ತೆರೆದರೆ, ಅಜ್ಜಿ ಕತ್ತರಿಸಿದ ಬಟ್ಟೆಗಳ ನಡುವೆ ಫೋನ್ ಹಿಡಿದು ಕೂತಿದ್ದಳು. ಪಕ್ಕದ ಡಬ್ಬಿಯಲ್ಲಿ ಮೂಳೆಯ ಮಾತ್ರೆಯೂ ರಕ್ತದ ಮಾತ್ರೆಯೂ ಒಂದಾಗಿ ಬೆರೆತಿದ್ದವು. ಎಲ್ಲವೂ ಬಿಳಿ. ಕೈಗೆ ಸಿಕ್ಕ ಎರಡು, ದಿನಾ ಬೆಳಿಗ್ಗೆ; ಎಷ್ಟೋ ದಿನ ಎರಡೂ ರಕ್ತದ್ದೇ. ಮೊಣಕೈಯಿಂದ ಕೆಳಗೆ ನೇರಳೆ ಕಲೆಗಳು.

"ಡಾಕ್ಟರನ್ನ ಕೇಳ್ಬಾರದಿತ್ತಾ ಅಜ್ಜೀ?"

"ಕೇಳಿದ್ರೆ 'ಬರೆದಿದ್ದೀನಲ್ಲಮ್ಮ' ಅಂತಾರೆ. ಚೀಟಿಲಿ ಇರುವೆ ಸಾಲು. ಸೊಸೆ ಅವಳ ಫೋನಲ್ಲಿ ಹುಡುಕಿ ಹೇಳಿದ್ಲು, ಅದರ ಪ್ರಕಾರ ನಾನು ಹೋದ ತಿಂಗಳೇ ಸಾಯಬೇಕಿತ್ತು." ಅಜ್ಜಿ ನಕ್ಕಳು, ಒಸಡಿನಲ್ಲಿ ಕೆಂಪಾಡಿತು. "ನಿಮ್ಮಪ್ಪನ್ನ ನೂರು ಸಲ ಕೇಳಿದ್ರೂ ಬೈಯಲ್ಲ. ಈಗಲೂ ಬೈಯಲ್ಲ, ನೋಡು."

ಮಗಳು ಅವಳನ್ನು ಕರೆದುಕೊಂಡು ನೇರ ದವಾಖಾನೆಗೆ ಹೋದಳು. ರಕ್ತ ಪರೀಕ್ಷೆಯ ಕಾಗದ ನೋಡಿದ ಡಾಕ್ಟರು ಕುರ್ಚಿಯಿಂದ ಎದ್ದೇಬಿಟ್ಟರು. ಇನ್ನೆರಡು ದಿನ ಕಳೆದಿದ್ದರೆ ತಲೆಯೊಳಗೆ ರಕ್ತನಾಳ ಒಡೆಯುತ್ತಿತ್ತು ಎಂದರು. ಅಜ್ಜಿಯನ್ನು ಮಲಗಿಸಿ ಸೂಜಿಮದ್ದು ಕೊಟ್ಟ ಮೇಲೆ, ಕಿಟಕಿಯತ್ತ ನೋಡುತ್ತ ಮೆಲ್ಲಗೆ ಕೇಳಿದರು: "ಹಳದಿ ತಗೊಳ್ಳೋರು ಇನ್ನೂ ಎಷ್ಟು ಜನ ಇದಾರೆ?"

ಅದು ಅಪ್ಪನ ಫೋನಿಗೆ ಮಾತ್ರ ಗೊತ್ತಿತ್ತು.

ಮಗಳು ಕಾರ್ಖಾನೆಗೆ ವಿಷಯ ಬರೆದು ತಿಳಿಸಿ, ರಜೆ ಹಾಕಿ, ಮನೆಯಲ್ಲಿ ಕೂತು ಅಪ್ಪ ಕಳಿಸಿದ್ದನ್ನೆಲ್ಲ ಒಂದೊಂದಾಗಿ ಕೇಳಿದಳು. ಆರುನೂರಕ್ಕೂ ಮಿಕ್ಕಿದ ದನಿಗಳು. ಬಾಗಿಲ ಬಳಿ ಕೂತ ತಾಯಿ ಎಲ್ಲವನ್ನೂ ಕೇಳಿಸಿಕೊಂಡಳು.

"ಇಷ್ಟು ವರ್ಷದಲ್ಲಿ ನನ್ನ ಹತ್ರ ಒಂದು ಸಲಾನೂ ಹೀಗೆ ಮೆತ್ತಗೆ ಮಾತಾಡಿಲ್ಲ ಈ ಮನುಷ್ಯ," ಎಂದು ಸೆರಗಿನಿಂದ ಮೂಗೊರೆಸಿಕೊಂಡಳು.

ಹಳದಿಯವರು ಅರವತ್ತಮೂರು ಮಂದಿ. ಮಗಳು ಒಬ್ಬೊಬ್ಬರಿಗೂ ಫೋನ್ ಮಾಡಿ, ಹಳದಿಯದು ಬಿಳಿಯಾಗಿದೆ, ಡಬ್ಬಿ ಸಮೇತ ದವಾಖಾನೆಗೆ ಬನ್ನಿ, ಅಪ್ಪನ ದನಿ ಅಳಿಸಿಬಿಡಿ ಎಂದಳು. ಮೊದಲ ಎರಡಕ್ಕೆ ಎಲ್ಲರೂ ಒಪ್ಪಿದರು. ಮೂರನೆಯದಕ್ಕೆ ಮಾತ್ರ ಜಗ್ಗಲಿಲ್ಲ. "ಅಳಿಸೋದಾ? ನೀನು ಅವರ ಮಗಳೇ ಹೌದಾ?" ಎಂದು ಸಕ್ಕರೆ ಅಣ್ಣ ಜಬರಿಸಿದ. ಅವನ ಮಾತು ಅವಳನ್ನು ಇರಿಯಿತು. ಪ್ರತಿ ಕರೆಯ ಕೊನೆಗೆ, ಅಪ್ಪ ಇನ್ನೂ ಉಳಿದಿದ್ದ ಒಂದೊಂದು ಮನೆಯಿಂದ ಅವರನ್ನು ತಾನೇ ಹೊರಹಾಕುತ್ತಿದ್ದಂತೆ ಅವಳಿಗೆ ಅನಿಸುತ್ತಿತ್ತು.

ಎರಡು ದಿನದಲ್ಲಿ ಅರವತ್ತೆರಡಾಯಿತು. ಉಳಿದವರು ಕೆಮ್ಮು ಮೇಷ್ಟ್ರು. ಮೊಬೈಲ್ ಎತ್ತುತ್ತಲೇ ಇರಲಿಲ್ಲ. ಮನೆ ಎಲ್ಲಿಯೆಂದು ಯಾರಿಗೂ ತಿಳಿಯದು. ಮೂರನೆಯ ಬೆಳಿಗ್ಗೆ ತಾಯಿ ಹಳೆಯ ಡೈರಿಯಿಂದ ಅವರ ಮನೆಯ ಸ್ಥಿರ ದೂರವಾಣಿಯ ಸಂಖ್ಯೆ ಹುಡುಕಿ ಕೊಟ್ಟಳು. ಗಂಟೆ ಏಳು. ಬಹಳ ಹೊತ್ತು ಬಡಿದ ಮೇಲೆ ಯಾರೋ ಎತ್ತಿದರು.

"ಮೇಷ್ಟ್ರೇ, ನಾನು—"

"ಸ್ವಲ್ಪ ಇರಿ," ಎಂದಿತು ಮುದಿ ದನಿ. "ಕಾಂಪೌಂಡ್ರು ಮಾತಾಡ್ತಿದಾರೆ."

ಅವರ ಇನ್ನೊಂದು ಕೈಯ ಮೊಬೈಲಿನಿಂದ ಅಪ್ಪನ ದನಿ ನಿಚ್ಚಳವಾಗಿ ಕೇಳಿಬಂತು. "...ಬಿಳಿ ಎರಡು, ಬೆಳಿಗ್ಗೆ..."

"ಅಪ್ಪಾ, ಸಾಕು!" ಮಗಳು ಕಿರುಚಿದಳು. "ಸುಮ್ನಿರಪ್ಪಾ!"

ಆ ಕಡೆ ದನಿ ತನ್ನಷ್ಟಕ್ಕೆ ನಡೆಯಿತು. ಬಿಳೀದಕ್ಕೆ ಭಯ ಇಲ್ಲ ಎಂದಿತು. ನೀರು ಕುಡಿಯಿರಿ ಎಂದಿತು. ಏನಿದ್ದರೂ ನನ್ನನ್ನೇ ಕೇಳಿ ಎಂದು ನಿಂತಿತು. ಲೋಟ ಎತ್ತಿಕೊಂಡ ಸದ್ದಾಯಿತು.

"ಮೇಷ್ಟ್ರೇ, ಕೈಯಲ್ಲಿರೋ ಮಾತ್ರೆ ಕೆಳಗಿಡಿ. ನುಂಗ್ಬೇಡಿ!"

"ಯಾಕಮ್ಮ? ಅವರೇ ತಗೊಳ್ಳಿ ಅಂದ್ರಲ್ಲ ಈಗ?"

ಅಳೆಯದ ಮಾತನ್ನು ಎಂದೂ ಆಡದವಳು ಮಗಳು. ಬಣ್ಣ, ಕಾರ್ಖಾನೆ, ಪರೀಕ್ಷೆ ಎಂದೆಲ್ಲ ಬಿಡಿಸಿ ಹೇಳುವಷ್ಟರಲ್ಲಿ ಮಾತ್ರೆ ಗಂಟಲಿಳಿದಿರುತ್ತದೆ. ಬಾಗಿಲಲ್ಲಿ ತಾಯಿ ಡೈರಿ ಹಿಡಿದು ನಿಂತಿದ್ದಳು.

"ಅಪ್ಪ ಇಲ್ಲೇ ಪಕ್ಕದಲ್ಲಿದಾರೆ ಮೇಷ್ಟ್ರೇ," ಎಂದಳು ಮಗಳು. "ಬೇಡ ಅಂತಿದಾರೆ. ತಪ್ಪು ಹೇಳ್ಬಿಟ್ಟೆ ಅಂತಿದಾರೆ."

ಆ ಕಡೆ ಮಾತ್ರೆಗಳು ಒಂದರ ಹಿಂದೊಂದು ಡಬ್ಬಿಗೆ ಬಿದ್ದ ಸದ್ದು ಕೇಳಿಸಿತು.