ಟೈಲರ್ ಅಕ್ಕನ ಭುಜ

"ಮೇಡಂ ಕೈ ಇಟ್ರೆ ಸಾಕು ಅತ್ತಿಗೆ, ನೋವು ಓಡಿಹೋಗತ್ತೆ" ಎಂದು ಹೇಳಿ ಟೈಲರ್ ಅಕ್ಕನನ್ನು ಯೋಗದ ತರಗತಿಗೆ ಎಳೆದುಕೊಂಡು ಬಂದವಳು ನಾದಿನಿ. ನೋವೇನೂ ಓಡಲಿಲ್ಲ. ಕಳೆದ ವಾರ ಕಾಲು ಚಾಚಿ ಮುಂದೆ ಬಾಗಿ ಕೂತಿದ್ದ ಅಕ್ಕನ ಬೆನ್ನನ್ನು ಮೇಡಂ ಅದುಮಿ, ಬಲತೋಳನ್ನು ಹಿಡಿದು ಜಗ್ಗಿದ್ದೇ ಜಗ್ಗಿದ್ದು. ಮೂರು ದಿನ ಕತ್ತರಿ ಹಿಡಿಯಲಾಗಲಿಲ್ಲ. ನಲವತ್ತು ಯೂನಿಫಾರಂ ಬಟ್ಟೆ ಮಡಿಕೆ ಬಿಚ್ಚದೆ ಮೇಜಿನ ಮೇಲೆ ಬಿದ್ದಿತ್ತು.

ಇವತ್ತು ಬರುವಾಗ ದಾರಿಯಲ್ಲಿ ನಾದಿನಿಗೆ ಹೇಳಿಯೂ ನೋಡಿದಳು. "ಸುಮ್ನಿರಿ, ಅವ್ರಿಗೆ ಗೊತ್ತಿಲ್ದೇ ಮಾಡ್ತಾರಾ? ನನ್ನ ಮರ್ಯಾದೆ ತೆಗೀಬೇಡಿ" ಎಂದಳು ಆಕೆ. ಬಿಸಿತುಪ್ಪದ ಪಾಡು, ನುಂಗುವಂತಿಲ್ಲ, ಉಗುಳುವಂತಿಲ್ಲ.

ಈಗ ಮತ್ತೆ ಅದೇ ಆಸನ. ಉಸಿರಿನ ಮೇಲೆ ಗಮನವಿಡಿ ಎಂದರು ಮೇಡಂ. ಉಸಿರು ಯಾರಿಗೆ ಬೇಕಾಗಿತ್ತು! ಅಕ್ಕನ ಗಮನವೆಲ್ಲ ಹಿಂದೆ ಬರುತ್ತಿದ್ದ ಬರಿಗಾಲಿನ ಸದ್ದಿನ ಮೇಲೆ. ಮೂರು ಚಾಪೆ ಆಚೆ ಯಾರೋ "ಆಹಾ" ಎಂದರು. ಆಮೇಲೆ ಎರಡು ಚಾಪೆ ಆಚೆ. ಅವಳಿಗೆ ಸಿಟ್ಟು ಬಂತು. ದಿನಕ್ಕೆ ಇಪ್ಪತ್ತು ಮೈ ಅಳೆಯುವವಳು ತಾನು. ಹತ್ತು ವರ್ಷದ ಗಿರಾಕಿಯಾದರೂ "ಅಳತೆ ತಗೊಳ್ಲಾ?" ಎಂದು ಕೇಳದೆ ಟೇಪು ತಾಗಿಸಿದವಳಲ್ಲ. ಈಯಮ್ಮನಿಗೆ ಒಂದು ಮಾತು ಕೇಳಿದರೆ ಬಾಯಿ ಸವೆಯುತ್ತದೆಯೇ?

ಬೆನ್ನ ಮೇಲೆ ಅಂಗೈ ಬಿತ್ತು. ಇನ್ನೊಂದು ಕೈ ತೋಳಿನತ್ತ ಸರಿಯಿತು.

"ಬೇಡ!"

ಕೋಣೆಗೆಲ್ಲ ಕೇಳುವಷ್ಟು ಜೋರಾಗಿತ್ತು. ಕಾದ ಹೆಂಚು ಮುಟ್ಟಿದವರ ಹಾಗೆ ಮೇಡಂ ಕೈ ಹಿಂದಕ್ಕೆ ತೆಗೆದುಕೊಂಡರು. ಹದಿನೈದು ತಲೆಗಳು ಮೇಲೆದ್ದವು. ಪಕ್ಕದಲ್ಲಿದ್ದ ನಾದಿನಿಯ ತಲೆಯೊಂದು ಮಾತ್ರ ಇನ್ನಷ್ಟು ಕೆಳಗಿಳಿಯಿತು.

"ಯಾಕಮ್ಮಾ, ನೋವಾಯ್ತಾ?"

"ಹೋದ ವಾರ ಆಯ್ತು ಮೇಡಂ. ಈ ತೋಳಲ್ಲೇ ನನ್ನ ಅನ್ನ ಇರೋದು. ಕೇಳಿ ಮುಟ್ಟಿ."

ಹೇಳಿದ ಮೇಲೆ ಅಕ್ಕನಿಗೆ ಚಾಪೆ ಸುತ್ತಿಕೊಂಡು ಎದ್ದುಹೋಗಿಬಿಡಲೇ ಎನ್ನಿಸಿತು. ಮೇಡಂ ಮುಖ ಕೆಂಪಾಗಿತ್ತು. "ನಾನು ಕೇಳ್ಬೇಕಿತ್ತು" ಎಂದರು, ಮೆಲ್ಲಗೆ. ಆಮೇಲೆ ಎರಡು ವರ್ಷದಿಂದ ಪ್ರತಿ ತರಗತಿಯಲ್ಲೂ ತಾವು ಕೈಯಿಡುತ್ತಿದ್ದ ನಾದಿನಿಯ ಬೆನ್ನ ಬಳಿ ಕೂತು, ಕೈಯನ್ನು ತಮ್ಮ ತೊಡೆಯ ಮೇಲೇ ಇಟ್ಟುಕೊಂಡು ಕೇಳಿದರು: "ಒತ್ತಲಾ?"

ನಾದಿನಿ ತಲೆ ಎತ್ತಲಿಲ್ಲ.

"ಬೇಡ ಮೇಡಂ," ಎಂದಳು ಮೊಣಕಾಲಿಗೆ ಹೇಳುವಂತೆ. "ಮೊದಲ್ನೇ ದಿನದಿಂದ್ಲೂ ಬೇಡ."